ಶಾಲೆಗೆ ಹಣ ಬೇಕೇ? ನೆರೆಹೊರೆಯವರ ಮತ ಕೇಳಿ

ನವೆಂಬರ್ ತಿಂಗಳ ಚುನಾವಣೆಯಲ್ಲಿ ಅಮೆರಿಕದ ಓಹಿಯೊ ರಾಜ್ಯದ ಮತದಾರನ ಕೈಸೇರುವ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರುಗಳಷ್ಟೇ ಇರುವುದಿಲ್ಲ. ಅನೇಕ ಊರುಗಳಲ್ಲಿ ಅದರ ಕೆಳಗೊಂದು ಪ್ರಶ್ನೆಯೂ ಇರುತ್ತದೆ. ನಿಮ್ಮ ಊರಿನ ಶಾಲೆಗಳ ಖರ್ಚಿಗಾಗಿ ನಿಮ್ಮ ಮನೆಯ ತೆರಿಗೆಯನ್ನು ಇಷ್ಟು ಹೆಚ್ಚಿಸಲು ಒಪ್ಪಿಗೆಯೇ, ಇಲ್ಲವೇ? ಹೌದು ಎಂದವರು ಹೆಚ್ಚಾದರೆ ಶಾಲೆಗೆ ಹಣ ಬರುತ್ತದೆ. ಇಲ್ಲವೆಂದವರು ಹೆಚ್ಚಾದರೆ ಶಾಲಾ ಮಂಡಳಿ ಖರ್ಚು ಕಡಿತದ ಪಟ್ಟಿ ಹಿಡಿದು ಕೂರಬೇಕಾಗುತ್ತದೆ.

ಈ ಹೆಚ್ಚುವರಿ ತೆರಿಗೆಗೆ ಅಲ್ಲಿ 'ಲೆವಿ' ಎಂದು ಹೆಸರು. ಲೆವಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗಿರಣಿಗಳಿಂದ ಸರ್ಕಾರ ಪಡೆಯುತ್ತಿದ್ದ ಅಕ್ಕಿ. ಅದು ಮೇಲಿನಿಂದ ಬಂದ ಆಜ್ಞೆ. ಅಮೆರಿಕದ ಶಾಲಾ ಲೆವಿಯಾದರೋ ಊರಿನವರೇ ಮತ ಹಾಕಿ ತಮ್ಮ ಮೇಲೆ ಹೇರಿಕೊಳ್ಳುವ ಹೊರೆ.

ನಮ್ಮಲ್ಲಿ ಈ ವ್ಯವಸ್ಥೆಯೇ ಇಲ್ಲದಿರುವುದರಿಂದ ಅದು ವಿಚಿತ್ರವೆನಿಸುವುದು ಸಹಜ. ಬೆಂಗಳೂರಿನಲ್ಲಿ ಮನೆ ಕಂದಾಯ ಕಟ್ಟುವವರು ಅದರ ಜೊತೆಗೆ ಆರೋಗ್ಯ, ಗ್ರಂಥಾಲಯ ಹಾಗೂ ಭಿಕ್ಷುಕರ ಪುನರ್ವಸತಿಯ ಹೆಸರಿನ ಸೆಸ್‌ಗಳನ್ನು ತೆತ್ತು ರೂಢಿಯಾಗಿದೆ. ಆದರೆ ಪಾಲಿಕೆಗಳೇ ನಡೆಸುವ ಕೆಲವು ಶಾಲೆಗಳನ್ನು ಬಿಟ್ಟರೆ, ಸರ್ಕಾರಿ ಶಾಲಾ ಶಿಕ್ಷಕರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. 2004ರಲ್ಲಿ ಆರಂಭವಾದ ಶಿಕ್ಷಣ ಸೆಸ್ ಸಹ ಕೇಂದ್ರದ ತೆರಿಗೆಗಳಿಗೆ ಅಂಟಿಕೊಂಡದ್ದೇ ಹೊರತು ಮನೆಗಲ್ಲ. ಜಯನಗರದ ನಿವೇಶನದ ಬೆಲೆ ಏರಿದ ಮಾತ್ರಕ್ಕೆ ಜಯನಗರದ ಸರ್ಕಾರಿ ಶಾಲೆ ಶ್ರೀಮಂತವಾಗುವುದಿಲ್ಲ. ಅಮೆರಿಕದಲ್ಲಿ ಹಾಗೆ ಆಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮನೆ ಕೊಳ್ಳುವ ಮುನ್ನ 'ಸ್ಕೂಲ್ ಡಿಸ್ಟ್ರಿಕ್ಟ್' ಯಾವುದೆಂದು ವಿಚಾರಿಸುವುದು ಇದೇ ಕಾರಣಕ್ಕೆ.

<b>ಮಿಲ್ ಎಂಬ ಅಳತೆ</b>

ಅಮೆರಿಕದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇವು ನಮ್ಮ ಕಂದಾಯ ಜಿಲ್ಲೆಗಳಂತಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಈ ಪುಟ್ಟ ಸ್ಥಳೀಯ ಸಂಸ್ಥೆಗಳ ಪೈಕಿ ಹೆಚ್ಚಿನವುಗಳಿಗೆ ಚುನಾಯಿತ ಮಂಡಳಿಯಿದೆ. ದೇಶದ ಸರ್ಕಾರಿ ಶಾಲೆಗಳ ಒಟ್ಟು ಆದಾಯದಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದು ಭಾಗದ ಆಸುಪಾಸು. ಉಳಿದದ್ದನ್ನು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಹೆಚ್ಚುಕಡಿಮೆ ಸರಿಸಮನಾಗಿ ಹೊರುತ್ತವೆ. ಸ್ಥಳೀಯ ಪಾಲಿನ ಬಹುಭಾಗ ಆಸ್ತಿ ತೆರಿಗೆಯದೇ. ಇಡೀ ರಾಜ್ಯಕ್ಕೆ ಒಂದೇ ಶಾಲಾ ಜಿಲ್ಲೆಯಿರುವ ಹವಾಯಿ ಇದಕ್ಕೆ ಅಪವಾದ.

ಓಹಿಯೊದಲ್ಲಿ ಲೆವಿಯ ದರವನ್ನು 'ಮಿಲ್' ಎಂಬ ಅಳತೆಯಲ್ಲಿ ಹೇಳಲಾಗುತ್ತದೆ. ಸಾವಿರ ಡಾಲರಿಗೆ ಒಂದು ಡಾಲರ್ ಎಂದರೆ ಒಂದು ಮಿಲ್. ಆದರೆ ತೆರಿಗೆ ಬೀಳುವುದು ಮನೆಯ ಪೂರ್ಣ ಬೆಲೆಯ ಮೇಲಲ್ಲ, ಅದರ ಶೇ. 35ರ ಮೇಲೆ. ಎರಡು ಲಕ್ಷ ಡಾಲರ್ ಬಾಳುವ ಮನೆಗೆ ತೆರಿಗೆಯ ಲೆಕ್ಕದ ಮೌಲ್ಯ 70,000 ಡಾಲರ್. ಐದು ಮಿಲ್‌ಗಳ ಹೊಸ ಲೆವಿ ಅಂಗೀಕಾರವಾದರೆ ಆ ಮನೆಯವರಿಗೆ ವರ್ಷಕ್ಕೆ 350 ಡಾಲರ್ ಹೆಚ್ಚುವರಿ ಹೊರೆ. ಮತದಾರರ ಒಪ್ಪಿಗೆಯಿಲ್ಲದೆ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಹಾಕಬಹುದಾದದ್ದು ಹತ್ತು ಮಿಲ್ ಮಾತ್ರ. ಆ ಹತ್ತರಲ್ಲಿ ಶಾಲೆಗೆ ಸಿಗುವುದು ಒಂದು ಪಾಲಷ್ಟೇ. ಮಿಕ್ಕದ್ದಕ್ಕೆ ಮತಪೆಟ್ಟಿಗೆಯೇ ಗತಿ.

ಇಲ್ಲಿಯವರೆಗೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ. ತೊಡಕು ಇರುವುದು ಮುಂದಿನ ಲೆಕ್ಕದಲ್ಲಿ. ತಲಾ ಸಾವಿರ ಮಕ್ಕಳಿರುವ ಎರಡು ಶಾಲಾ ಜಿಲ್ಲೆಗಳನ್ನು ಊಹಿಸಿಕೊಳ್ಳಬಹುದು. ಒಂದರ ತೆರಿಗೆ ಮೌಲ್ಯ 10 ಕೋಟಿ ಡಾಲರ್, ಇನ್ನೊಂದರದು 100 ಕೋಟಿ. ಎರಡೂ ಕಡೆ ಜನ ಅದೇ ಐದು ಮಿಲ್‌ಗೆ ಒಪ್ಪಿದರು ಎನ್ನೋಣ. ಮೊದಲನೆಯ ಊರಿನಲ್ಲಿ ಒಂದು ಮಗುವಿಗೆ ಸಿಗುವುದು 500 ಡಾಲರ್, ಎರಡನೆಯದರಲ್ಲಿ 5,000. ತ್ಯಾಗ ಒಂದೇ, ಫಲ ಹತ್ತು ಪಟ್ಟು ಬೇರೆ. ಈ ಕಂದರವನ್ನು ತುಂಬಲು ರಾಜ್ಯ ಸರ್ಕಾರಗಳು ಬಡ ಜಿಲ್ಲೆಗಳಿಗೆ ಹೆಚ್ಚು ಅನುದಾನ ಕೊಡುತ್ತವೆ. ಎಷ್ಟು ತುಂಬುತ್ತವೆ ಎಂಬುದೇ ಐವತ್ತು ವರ್ಷಗಳಿಗೂ ಹಳೆಯದಾದ ಜಗಳ.

<b>ಇಪ್ಪತ್ತಾರು ಡಾಲರ್, ಮುನ್ನೂರ ಮೂವತ್ತಮೂರು ಡಾಲರ್</b>

ಆ ಜಗಳ ದೇಶದ ಸುಪ್ರೀಂ ಕೋರ್ಟ್ ತಲುಪಿದ್ದು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಿಂದ. ಮೆಕ್ಸಿಕನ್ ಮೂಲದವರೇ ಹೆಚ್ಚಾಗಿದ್ದ ಎಡ್ಜ್‌ವುಡ್ ಶಾಲಾ ಜಿಲ್ಲೆಯ ಪೋಷಕರು 1968ರಲ್ಲಿ ಮೊಕದ್ದಮೆ ಹೂಡಿದರು. ಮೊದಲ ಅರ್ಜಿದಾರ ಡಿಮೆಟ್ರಿಯೊ ರಾಡ್ರಿಗಸ್ ಲೋಹದ ತಗಡಿನ ಕೆಲಸ ಮಾಡುತ್ತಿದ್ದ ಕಾರ್ಮಿಕ. 1967-68ರ ಅಂಕಿಗಳು ತೀರ್ಪಿನಲ್ಲೇ ದಾಖಲಾಗಿವೆ. ಎಡ್ಜ್‌ವುಡ್‌ನಲ್ಲಿ ತೆರಿಗೆ ದರ 100 ಡಾಲರಿಗೆ 1.05 ಡಾಲರ್, ಆ ನಗರ ಪ್ರದೇಶದಲ್ಲೇ ಅತಿ ಹೆಚ್ಚು. ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದರೆ ಅದರಿಂದ ಒಂದು ಮಗುವಿಗೆ ಉಳಿದದ್ದು 26 ಡಾಲರ್. ಅದೇ ನಗರದ ಸಿರಿವಂತರ ಬಡಾವಣೆ ಅಲಾಮೊ ಹೈಟ್ಸ್‌ನಲ್ಲಿ ದರ ಕೇವಲ 85 ಸೆಂಟ್, ಮಗುವಿಗೆ ಉಳಿದದ್ದು 333 ಡಾಲರ್. ಹೆಚ್ಚು ತೆರಿಗೆ ತೆತ್ತವರ ಮಕ್ಕಳಿಗೇ ಕಡಿಮೆ ಹಣ.

1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಪೋಷಕರ ವಾದವನ್ನು ತಳ್ಳಿಹಾಕಿತು. ಶಿಕ್ಷಣವು ಅಮೆರಿಕದ ಸಂವಿಧಾನ ಖಾತರಿಪಡಿಸಿದ ಮೂಲಭೂತ ಹಕ್ಕಲ್ಲ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅದನ್ನು ಕಟುವಾಗಿ ವಿರೋಧಿಸಿ ಭಿನ್ನಮತದ ತೀರ್ಪು ಬರೆದರು. ಅಂದಿನಿಂದ ಈ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಸ್ಥಳಾಂತರವಾಯಿತು. ಟೆಕ್ಸಾಸ್‌ನ ಸುಪ್ರೀಂ ಕೋರ್ಟ್ 1989ರಲ್ಲಿ ಎಡ್ಜ್‌ವುಡ್ ಪರ ನಿಂತಿತು. 1993ರಲ್ಲಿ ಬಂದ ಕಾನೂನು ಸಿರಿವಂತ ಜಿಲ್ಲೆಗಳ ತೆರಿಗೆಯ ಒಂದಂಶವನ್ನು ಬಡ ಜಿಲ್ಲೆಗಳಿಗೆ ತಿರುಗಿಸಿತು. ಜನ ಅದಕ್ಕಿಟ್ಟ ಹೆಸರು 'ರಾಬಿನ್ ಹುಡ್'.

<b>ಬೆಲೆ ಏರಿದರೂ ಆದಾಯ ಏರದು</b>

ಓಹಿಯೊದ ಕಥೆಗೆ ಇನ್ನೊಂದು ತಿರುವಿದೆ. 1976ರಲ್ಲಿ ಅಲ್ಲಿನ ಶಾಸನಸಭೆ, ಮನೆಗಳ ಬೆಲೆ ಏರುತ್ತಿದ್ದ ಕಾಲದಲ್ಲಿ ಮಾಲೀಕರನ್ನು ರಕ್ಷಿಸಲು ಒಂದು ಕಾನೂನು ತಂದಿತು. ಅದರಂತೆ ಮರುಮೌಲ್ಯಮಾಪನದಲ್ಲಿ ಮನೆಗಳ ಬೆಲೆ ಏರಿದರೆ, ಮತದಾರರು ಒಪ್ಪಿದ ಲೆವಿಯ ದರ ತಾನಾಗಿಯೇ ಇಳಿಯುತ್ತದೆ. ಲೆವಿ ಅಂಗೀಕಾರವಾದ ವರ್ಷ ಹತ್ತು ಲಕ್ಷ ಡಾಲರ್ ಬಂದಿದ್ದರೆ, ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟು, ಹತ್ತು ವರ್ಷಗಳ ನಂತರವೂ ಬರುವುದು ಹೆಚ್ಚುಕಡಿಮೆ ಅಷ್ಟೇ. ಆ ವೇಳೆಗೆ ಶಿಕ್ಷಕರ ಸಂಬಳ, ಬಸ್ಸಿನ ಡೀಸೆಲ್, ಕಟ್ಟಡ ಬೆಚ್ಚಗಿಡುವ ಖರ್ಚು ಎಲ್ಲವೂ ಏರಿರುತ್ತವೆ. ದರ ಇಪ್ಪತ್ತು ಮಿಲ್‌ಗಿಂತ ಕೆಳಗಿಳಿಯದಂತೆ ಶಾಲೆಗಳಿಗೆ ಒಂದು ತಳಮಟ್ಟವನ್ನು ನಿಗದಿಪಡಿಸಲಾಗಿದೆಯಾದರೂ, ಅದಕ್ಕಿಂತ ಮೇಲಿರುವ ಜಿಲ್ಲೆಗಳು ಕೆಲವು ವರ್ಷಗಳಿಗೊಮ್ಮೆ ಮತ್ತೆ ಮತದಾರರ ಬಾಗಿಲು ತಟ್ಟಲೇಬೇಕು. 'ಹೋದ ಸಲ ಕೊಟ್ಟದ್ದು ಏನಾಯಿತು?' ಎಂಬ ಪ್ರಶ್ನೆಗೆ ಉತ್ತರ ಈ ಕಾನೂನಿನಲ್ಲಿದೆ. ಆದರೆ ಅದನ್ನು ಮನೆಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ವಿವರಿಸುವುದು ಸುಲಭವಲ್ಲ.

ಮತದಾರರು ಒಪ್ಪದಿದ್ದರೆ? ಯಂಗ್ಸ್‌ಟೌನ್ ನಗರದಲ್ಲಿ ಲೆವಿಗಳು ಮತ್ತೆ ಮತ್ತೆ ಸೋತು, 1968ರ ವರ್ಷಾಂತ್ಯದಲ್ಲಿ ಹಣವಿಲ್ಲದೆ ಶಾಲೆಗಳನ್ನೇ ಕೆಲವು ವಾರ ಮುಚ್ಚಲಾಯಿತು. 1976ರಲ್ಲಿ ಟೊಲೆಡೊ ನಗರಕ್ಕೂ ಅದೇ ಗತಿ ಬಂತು. ಆ ಬಳಿಕ ಬಾಗಿಲು ಮುಚ್ಚುವ ಸ್ಥಿತಿ ಬರದಂತೆ ಸಾಲದ ವ್ಯವಸ್ಥೆ ಬಂದಿತು. ಆದರೆ ಕಡಿತ ನಿಂತಿಲ್ಲ. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಸಂಗೀತ, ಚಿತ್ರಕಲೆ ತರಗತಿಗಳಿಗೆ, ಪ್ರೌಢಶಾಲೆಯ ಬಸ್ಸುಗಳಿಗೆ. ಆಟದ ತಂಡಕ್ಕೆ ಸೇರಬೇಕಾದರೆ ಶುಲ್ಕ ಕಟ್ಟಬೇಕಾಗುತ್ತದೆ.

ಇಲ್ಲವೆಂದು ಮತ ಹಾಕುವವರನ್ನೆಲ್ಲ ಜಿಪುಣರೆಂದು ಜರೆಯುವುದೂ ತರವಲ್ಲ. ಪಿಂಚಣಿಯಲ್ಲಿ ಬದುಕುವ ವೃದ್ಧ ದಂಪತಿಗೆ ಮನೆಯ ಬೆಲೆ ಏರಿತೆಂದರೆ ಕೈಗೆ ಕಾಸು ಬಂದಂತಲ್ಲ. ಮಾರಿದರೆ ಮಾತ್ರ ಅದು ಹಣ, ಅಲ್ಲಿಯವರೆಗೆ ಬರಿಯ ಗೋಡೆ. ಇಪ್ಪತ್ತು ಮಿಲ್‌ಗಳ ತಳಮಟ್ಟದಲ್ಲಿರುವ ಜಿಲ್ಲೆಗಳಲ್ಲಿ ದರ ಇನ್ನು ಇಳಿಯದ ಕಾರಣ, ಕೋವಿಡ್ ನಂತರ ಬೆಲೆಗಳು ಜಿಗಿದಾಗ ಮತದಾನವೇ ಇಲ್ಲದೆ ತೆರಿಗೆ ಏರಿತು. ಸಾದಾ ಸಂಬಳದವರ ಮನೆಗಳಿಗೂ ಅದರ ಬಿಸಿ ತಟ್ಟಿತು.

<b>ಮೇಜಿನ ಮೇಲೆ ಕಲ್ಲಿದ್ದಲ ಧೂಳು</b>

1991ರಲ್ಲಿ ಓಹಿಯೊದ ಪೆರಿ ಕೌಂಟಿಯಲ್ಲಿ ದಾಖಲಾದ 'ಡಿರಾಲ್ಫ್' ಮೊಕದ್ದಮೆ ಈ ಎಲ್ಲ ಎಳೆಗಳನ್ನು ಒಟ್ಟಿಗೆ ಎಳೆದು ತಂದಿತು. 1997ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3ರ ಬಹುಮತದಲ್ಲಿ, ಆಸ್ತಿ ತೆರಿಗೆಯನ್ನೇ ಅತಿಯಾಗಿ ನೆಚ್ಚಿದ ವ್ಯವಸ್ಥೆ ರಾಜ್ಯ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ತೀರ್ಪಿನಲ್ಲಿ ಶಿಥಿಲ ಕಟ್ಟಡಗಳ ಉದ್ದನೆಯ ವರ್ಣನೆಯಿದೆ. ಒಂದು ಕಡೆ ಮಕ್ಕಳ ಮೇಜುಗಳ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕಲ್ಲಿದ್ದಲ ಧೂಳು ಕೂರುತ್ತಿತ್ತೆಂದು ನ್ಯಾಯಾಲಯ ದಾಖಲಿಸಿದೆ.

ಅದೇ ನ್ಯಾಯಾಲಯ 2000 ಮತ್ತು 2002ರಲ್ಲೂ ವ್ಯವಸ್ಥೆ ಅಸಾಂವಿಧಾನಿಕವಾಗಿಯೇ ಉಳಿದಿದೆ ಎಂದಿತು. 2003ರಲ್ಲಿ ಪ್ರಕರಣದ ಮೇಲ್ವಿಚಾರಣೆಯನ್ನೇ ಕೈಬಿಟ್ಟಿತು. ಹೊಸ ಕಟ್ಟಡಗಳಿಗೆ ರಾಜ್ಯ ಸರ್ಕಾರ ಧಾರಾಳವಾಗಿ ಹಣ ಕೊಟ್ಟಿತು ನಿಜ. ಪಾಠ ಹೇಳುವ ಖರ್ಚಿನ ಮೂಲ ಮಾತ್ರ ಮನೆ ತೆರಿಗೆಯಾಗಿಯೇ ಉಳಿಯಿತು. 2021ರಲ್ಲಿ ಅಂಗೀಕಾರವಾದ ಹೊಸ ಸೂತ್ರ, ಒಂದು ಊರು ಎಷ್ಟು ಹೊರಬಲ್ಲದು ಎಂಬುದನ್ನು ಆಸ್ತಿಯ ಬೆಲೆಯೊಂದರಿಂದಲೇ ಅಳೆಯದೆ ನಿವಾಸಿಗಳ ಆದಾಯವನ್ನೂ ಪರಿಗಣಿಸುತ್ತದೆ. ಅದನ್ನು ಒಮ್ಮೆಲೇ ಜಾರಿಗೆ ತರದೆ ಹಂತಹಂತವಾಗಿ ತರಲಾಯಿತು.

ಇತ್ತ 2025ರಲ್ಲಿ ಓಹಿಯೊದ ನಾಗರಿಕರ ಗುಂಪೊಂದು ಆಸ್ತಿ ತೆರಿಗೆಯನ್ನೇ ಸಂಪೂರ್ಣ ರದ್ದುಪಡಿಸುವ ಸಂವಿಧಾನ ತಿದ್ದುಪಡಿಗಾಗಿ ಸಹಿ ಸಂಗ್ರಹ ಆರಂಭಿಸಿತು. ಆ ತೆರಿಗೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುವುದು ಶಾಲೆಗಳಿಗೆ. ಅದರ ಬದಲಿಗೆ ಹಣ ಎಲ್ಲಿಂದ ಬರಬೇಕೆಂಬುದನ್ನು ತಿದ್ದುಪಡಿಯ ಕರಡು ಹೇಳಿರಲಿಲ್ಲ.