ಫಾರ್ಮ್ಯಾಟ್ ಹೊಡೆಸೋ ಮೊದಲು ಒಂದ್ನಿಮಿಷ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರ ತಲೆನೋವು ಶುರುವಾಗಿದ್ದೇ ಆಗ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಪ್ರೊಸೆಸರ್ ಬಹುತೇಕ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಏಳನೆಯದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಸಾಮಾನ್ಯವಾಗಿ ಪಟ್ಟಿಯಿಂದ ಹೊರಗೆ.

ದಂಡಿಗನಹಳ್ಳಿಯ ನಮ್ಮನೇಲಿ ಇರೋದೂ ಅಂಥದ್ದೇ. ತಂಗಿ ಪರೀಕ್ಷೆಗೆ ಓದೋದು ಅದರಲ್ಲಿ. ಅಪ್ಪ ಹತ್ತಾರು ವರ್ಷಗಳಿಂದ ‘ನುಡಿ’ಯಲ್ಲಿ ಟೈಪ್ ಮಾಡಿಟ್ಟ ಬರಹಗಳೆಲ್ಲ ಇರೋದೂ ಅದರಲ್ಲೇ. ಹೊಸದು ತಗೊಳ್ಳೋಣ ಅಂದರೆ, “ಚೆನ್ನಾಗೇ ಐತಲ್ಲ ಮಗ, ಯಾಕೆ ಬಿಸಾಕ್ತೀಯ?” ಅಂದ್ರು. ಅವರ ಮಾತಲ್ಲಿ ತಪ್ಪೇನಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕೋದು ಅಂತಾಯ್ತು.

ಇದರಲ್ಲೊಂದು ಅನುಕೂಲ ಇದೆ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ, ಹಾರ್ಡ್‌ಡಿಸ್ಕ್ ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಬಹುದು. ಧ್ವನಿ ಬಂತು, ಕ್ಯಾಮೆರಾ ಬಂತು. ವೈಫೈ ಮಾತ್ರ ಪತ್ತೆಯೇ ಇಲ್ಲ! ಕೆಲವು ವೈಫೈ ಚಿಪ್‌ಗಳ ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತೆ. ಅದನ್ನು ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಅನ್ನೋ ಕಥೆ. ದಾರಿ ಸಿಕ್ಕಿದ್ದು ಫೋನಿನಲ್ಲಿ: ಚಾರ್ಜಿಂಗ್ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ‘ಡ್ರೈವರ್ ಮ್ಯಾನೇಜರ್’ ತಾನೇ ಡ್ರೈವರ್ ಹುಡುಕಿ ಹಾಕಿತು.

ಆದರೆ ನನಗಿದ್ದ ದೊಡ್ಡ ಚಿಂತೆ ಅಪ್ಪನ ಬರಹಗಳದ್ದು. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರ್ ಉಳಿಸಿಕೊಳ್ಳೋದು ಕನ್ನಡ ಅಕ್ಷರವನ್ನಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತೆ. ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ, ಬರೀ ಅರ್ಥವಿಲ್ಲದ ಗೀಚು. ಅದಕ್ಕೇ ಹಳೇ ವಿಂಡೋಸ್ ಇರುವಾಗಲೇ ಒಂದೊಂದೇ ಕಡತವನ್ನು ನುಡಿಯ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿದೆ. ಅರ್ಕಾವತ್ತು, ಒತ್ತಕ್ಷರ ಇದ್ದ ಪದಗಳನ್ನು ಅಪ್ಪನೇ ಕೂತು ತಿದ್ದಿದರು. ಮೂಲ ಕಡತ, ಹೊಸ ಕಡತ ಎರಡನ್ನೂ ಬೇರೆ ಪೆನ್‌ಡ್ರೈವ್‌ಗೆ ಹಾಕಿದ ಮೇಲೇ ಇನ್‌ಸ್ಟಾಲ್ ಬಟನ್ ಒತ್ತಿದ್ದು.

ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್ ಹೇಗೆ ಅಂತೀರಾ? ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಇದೆ. ಇದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು, ನುಡಿಯಲ್ಲೂ ಅದೇ. ಅಪ್ಪನ ಬೆರಳುಗಳು ಹೊಸದೇನೂ ಕಲಿಯಬೇಕಾಗಲಿಲ್ಲ.

ಹೊಸ ಲ್ಯಾಪ್‌ಟಾಪ್‌ನವರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಹಾಕಲು ಹೋದರೆ ‘ಡ್ರೈವ್ ಸಿಗುತ್ತಿಲ್ಲ’ ಅನ್ನುತ್ತೆ. ಡಿಸ್ಕ್ ಹಾಳಾಗಿರೋದಿಲ್ಲ, ಇನ್‌ಸ್ಟಾಲರ್‌ನಲ್ಲಿ ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಇರೋದಿಲ್ಲ ಅಷ್ಟೇ. ಅದನ್ನು ತಯಾರಕರ ತಾಣದಿಂದ ಇಳಿಸಿ, ಬಿಚ್ಚಿ ಪೆನ್‌ಡ್ರೈವ್‌ನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿದರೆ ಸಾಕು.

ಅಂಗಡಿಗೆ ಕೊಡೋದಾದರೂ ಮೊದಲು ಮೂರು ಕೆಲಸ ಮಾಡಿ: ಕಡತಗಳ ನಕಲು ತೆಗೆದಿಡಿ, ವೈಫೈ ಮತ್ತು ಪ್ರಿಂಟರ್ ಡ್ರೈವರ್ ಸಿಗುತ್ತಾ ನೋಡಿ, ಹಳೇ ಫಾಂಟಿನ ಕನ್ನಡವನ್ನು ಯುನಿಕೋಡ್ ಮಾಡಿ. ಓಎಸ್ ಎಷ್ಟು ಸಲ ಬೇಕಾದ್ರೂ ಹಾಕಬಹುದು. ಮನೆಯವರು ಬರೆದಿಟ್ಟದ್ದು ಅಳಿಸಿಹೋದರೆ ಯಾವ ಪೆನ್‌ಡ್ರೈವ್‌ನಿಂದಲೂ ಇನ್‌ಸ್ಟಾಲ್ ಮಾಡೋಕಾಗಲ್ಲ.