ಮೂರು ವರ್ಷದ ಡಿಗ್ರಿ, ಮೂರು ಗಂಟೆಯ ಬಸ್ಸು: ಗುರಿ ಬರೆಯೋದು ಎಲ್ಲಿಂದ?

ಇವತ್ತಿನ ಮಾತು ಗುರಿ ಬಗ್ಗೆ. ‘ದೊಡ್ಡ ಕನಸು ಕಾಣಿ’ ಅಂತ ನಾನು ಹೇಳಲ್ಲ. ಕಾಲೇಜ್ ಫಂಕ್ಷನ್‌ಗೆ ಬರೋ ಪ್ರತಿ ಗೆಸ್ಟೂ ಅದನ್ನ ಹೇಳಿ, ಹಾರ ಹಾಕಿಸ್ಕೊಂಡು ಹೋಗ್ತಾರೆ. ನಾನು ಕೇಳೋದು ಇಷ್ಟೇ: ನಿಮ್ಮ ದಿನದಲ್ಲಿ ಓದೋಕೆ ಎಷ್ಟು ಗಂಟೆ ಉಳಿದಿದೆ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ತಗೊಳ್ಳಿ. ಸಂತ ಸೇವಾಲಾಲರ ಊರು, ಫೆಬ್ರವರಿಯಲ್ಲಿ ದೊಡ್ಡ ಜಾತ್ರೆ. ಅಲ್ಲಿಂದ ಹೊನ್ನಾಳಿಗೋ ಶಿವಮೊಗ್ಗಕ್ಕೋ ಕಾಲೇಜಿಗೆ ಹೋಗಿಬರೋಕೆ, ಬಸ್ ಕಾಯೋದೂ ಸೇರಿ, ದಿನಕ್ಕೆ ಮೂರು ಗಂಟೆ ಬೇಕು ಅಂತಿಟ್ಕೊಳ್ಳಿ. ವಾರಕ್ಕೆ 18 ಗಂಟೆ ಆಯ್ತು! 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳೀತು, ಟೈಮ್ ಉಳೀಲಿಲ್ಲ. ಹಾಗಾಗಿ ‘ದಿನಕ್ಕೆ ಆರು ಗಂಟೆ ಓದ್ತೀನಿ’ ಅಂತ ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ನಾಲ್ಕನೇ ದಿನಕ್ಕೇ ಬಿದ್ದುಹೋಗುತ್ತೆ.

ಕೆಲಸದ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಪಿಡಿಒ ಹುದ್ದೆಗೆ ಡಿಗ್ರಿ ಬೇಕು. ಕೆಎಎಸ್‌ಗೆ ಡಿಗ್ರಿ ಜೊತೆ 21 ವರ್ಷ ತುಂಬಿರಬೇಕು. ಒಂದೇ ಒಂದು ಸಬ್ಜೆಕ್ಟ್ ಉಳಿದರೂ ಡಿಗ್ರಿ ಕೈಗೆ ಬರಲ್ಲ. ಅಂದ್ರೆ ನಿಮ್ಮ ಓದಿನ ಮೊದಲ ಗುರಿ ರ‍್ಯಾಂಕ್ ಅಲ್ಲ, ಆರು ಸೆಮಿಸ್ಟರ್‌ನಲ್ಲಿ ಯಾವ ಪೇಪರನ್ನೂ ಬಾಕಿ ಉಳಿಸದೇ ಇರೋದು. (2024-25ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದು.) ಆದ್ರೆ 2024ರಲ್ಲಿ ಕರೆದ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕಿತ್ತು. ಅಂಥ ಪರೀಕ್ಷೆಯನ್ನ ಕಾಲೇಜಲ್ಲಿ ಇರುವಾಗಲೇ ಬರೀಬಹುದು.

ಇನ್ನು ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಶುರುವಾಯ್ತು. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಗರಿಷ್ಠ ಎರಡು ವರ್ಷ. ಎಂ.ಎ. ಸೇರಿದರೆ ಸಿಗಲ್ಲ. ಪುಸ್ತಕಕ್ಕೆ, ಅರ್ಜಿ ಫೀಸಿಗೆ ಒಳ್ಳೇದೇ. ಆದರೆ ಆ ದುಡ್ಡಿಗೋಸ್ಕರ ಎಂ.ಎ. ಬಿಡೋದು ನನಗಂತೂ ಸರಿ ಕಾಣಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮನೆಯ ವಿಷಯ. ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯೋಕೆ ತಿಂಗಳುಗಟ್ಟಲೆ ಹೊರಗೆ ಹೋಗ್ತವೆ. ಆಗ ತಮ್ಮ-ತಂಗಿ, ಅಜ್ಜಿ, ದನ, ಎಲ್ಲಾ ಓದೋ ಮಗಳ ಮೇಲೆ. ಐದನೇ ಸೆಮಿಸ್ಟರ್ ಹೊತ್ತಿಗೆ ಮದುವೆ ಮಾತೂ ಶುರು. ಅದಕ್ಕೇ ಹೇಳ್ತೀನಿ, ವೈಯಕ್ತಿಕ ಗುರಿ ಅಂದ್ರೆ ಬೆಳಿಗ್ಗೆ ಐದಕ್ಕೆ ಏಳೋದಷ್ಟೇ ಅಲ್ಲ. ‘ಅಪ್ಪಾ, ರಿಸಲ್ಟ್ ಬಂದ ಮೇಲೆ ಒಂದು ವರ್ಷ ನನಗೆ ಬಿಡಿ, ಈ ಎರಡು ಪರೀಕ್ಷೆ ಬರೀತೀನಿ’ ಅಂತ ಕೇಳೋದೂ ಒಂದು ಗುರಿ. ‘ಇನ್ನೂ ಓದ್ಬೇಕು’ ಅಂದ್ರೆ ಅಪ್ಪಂಗೆ ಅದಕ್ಕೆ ಕೊನೆ ಕಾಣಲ್ಲ. ಪರೀಕ್ಷೆ ಹೆಸರು, ತಿಂಗಳು ಹೇಳಿ ಕೇಳಿದ್ರೆ ಕೂತು ಮಾತಾಡ್ತಾರೆ. ಮದುವೆ ಮಾತು ಬರೋಕೆ ಮುಂಚೆ, ಮೂರನೇ ಸೆಮಿಸ್ಟರ್‌ನಲ್ಲೇ ಕೇಳಿ.

ಈ ವಾರ ಬಸ್ಸಲ್ಲಿ ಸೀಟ್ ಸಿಕ್ಕಾಗ ಯಾವುದಾದ್ರೂ ಒಂದು ಹುದ್ದೆಯ ಅಧಿಸೂಚನೆ ತೆಗೆದು ಮೂರು ಸಾಲು ಹುಡುಕಿ: ವಿದ್ಯಾರ್ಹತೆ, ವಯಸ್ಸು, ಕೊನೆ ದಿನಾಂಕ. ಜಾತ್ರೆ ದಿನ ಮಾತ್ರ ರಜಾ ಅಂತಲೇ ಬರೆದಿಡಿ, ಹೇಗೂ ಓದಲ್ಲ!