ಲಿಫ್ಟ್ ಪಕ್ಕದ ಕೆಂಪು ಸಿಲಿಂಡರ್: ಐದು ನಿಮಿಷ ಕೊಟ್ಟು ನೋಡಿ

ಪುಣೆಯ ಹಿಂಜವಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ನಮ್ಮವರು ಇರೋ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಪಕ್ಕದ ಗೋಡೆಯಲ್ಲಿ ಒಂದು ಫೈರ್ ಎಕ್ಸ್‌ಟಿಂಗ್ವಿಶರ್ ನೇತಾಡ್ತಿರುತ್ತೆ. ದಿನಾ ನೋಡ್ತೀವಿ. ಅದು ಕೆಲಸ ಮಾಡುತ್ತಾ ಅಂತ ಕೇಳಿದ್ರೆ, "ಸೊಸೈಟಿಯವರು ನೋಡ್ಕೋತಾರೆ ಬಿಡಿ" ಅಂತೀವಿ.

ಆದ್ರೆ ಹಗಲು ಹೊತ್ತು ಮನೇಲಿ ಇರೋರು ಯಾರು? ನಾವು ಆಫೀಸಿನಲ್ಲಿ. ಊರಿಂದ ಬಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಮಗುವಿನ ಜೊತೆ ಮನೇಲಿ. ಸಿಲಿಂಡರ್ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ವಾಚ್‌ಮನ್ ಮಾತು ಹಿಂದಿ ಅಥವಾ ತೆಲುಗು. ಹಾಗಾಗಿ ಇವತ್ತು ಎರಡು ವಿಷಯ: ಆ ಸಿಲಿಂಡರ್ ಸರಿಯಾಗಿದೆಯಾ, ಮತ್ತು ಮನೇಲಿ ಇರೋರಿಗೆ ಅದನ್ನ ಬಳಸೋಕೆ ಗೊತ್ತಾ.

ಮೊದಲು ಯಾವುದು ಅಂತ ಗುರುತಿಸಿ

ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಕಾಣೋದು ಎರಡು ಬಗೆ. ಒಂದು ಎಬಿಸಿ ಪೌಡರ್. ಒಳಗೆ ಪುಡಿ, ಅದನ್ನ ಹೊರಗೆ ತಳ್ಳೋಕೆ ಒತ್ತಡದ ಅನಿಲ. ಕಟ್ಟಿಗೆ, ಬಟ್ಟೆ, ಪೆಟ್ರೋಲ್, ಅನಿಲ, ಈ ಮೂರೂ ಬಗೆಯ ಬೆಂಕಿಗೆ ಆಗುತ್ತೆ. ಇನ್ನೊಂದು ಕಾರ್ಬನ್ ಡೈಆಕ್ಸೈಡ್. ಬಾಯಿಗೆ ಕಹಳೆಯಂಥ ಕೊಂಬು ಇರುತ್ತೆ. ಇದು ಎಲೆಕ್ಟ್ರಿಕ್ ಪ್ಯಾನೆಲ್, ಲಿಫ್ಟ್ ಮೆಷಿನ್ ಹತ್ತಿರ ಇಡೋದು.

ಐದು ನಿಮಿಷದ ಚೆಕಿಂಗ್

ಪೌಡರ್ ಸಿಲಿಂಡರಿನ ಕತ್ತಿನಲ್ಲಿ ಗಡಿಯಾರದಂಥ ಗೇಜ್ ಇದೆ. ಮುಳ್ಳು ಹಸಿರಿನಲ್ಲಿ ಇರಬೇಕು. ಇಷ್ಟು ನೋಡಿ ಹೊರಟುಬಿಡಬೇಡಿ. ಒತ್ತಡ ಸರಿ ಇದ್ದೂ ಒಳಗಿನ ಪುಡಿ ತಳದಲ್ಲಿ ಗಟ್ಟಿ ಕಟ್ಟಿರಬಹುದು. ಸಿಲಿಂಡರನ್ನ ಇಳಿಸಿ, ನಿಧಾನಕ್ಕೆ ತಲೆಕೆಳಗು ಮಾಡಿ. ಪುಡಿ ಜಾರೋದು ಕೈಗೆ ಗೊತ್ತಾಗಬೇಕು. ಗೊತ್ತಾಗಲಿಲ್ಲ ಅಂದ್ರೆ ಸರ್ವೀಸಿನವರಿಗೆ ತೋರಿಸಿ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರಲ್ಲ. ಅದನ್ನ ತೂಕ ಹಾಕಿಯೇ ನೋಡಬೇಕು. ಅನಿಲದ ತೂಕ ಶೇ. 10ಕ್ಕಿಂತ ಜಾಸ್ತಿ ಇಳಿದಿದ್ರೆ ರೀಫಿಲ್ ಮಾಡಿಸಬೇಕು. ಅಂದ್ರೆ 4.5 ಕೆ.ಜಿ. ಸಿಲಿಂಡರಿನಲ್ಲಿ ಹತ್ತಿರ ಹತ್ತಿರ ಅರ್ಧ ಕೆ.ಜಿ. ಕಮ್ಮಿ ಬಂದ್ರೆ ಸಾಕು.

ಆಮೇಲೆ ಇವನ್ನೂ ನೋಡಿ:

- ಸೇಫ್ಟಿ ಪಿನ್, ಅದರ ಸೀಲ್ ಎರಡೂ ಇದೆಯಾ? ಸೀಲ್ ಹರಿದಿದ್ರೆ ಯಾರೋ ಒತ್ತಿರಬಹುದು.
- ಪೈಪಿನಲ್ಲಿ ಬಿರುಕು, ಬಾಯಲ್ಲಿ ಹುಳದ ಗೂಡು ಇದೆಯಾ?
- ತಳದಲ್ಲಿ ತುಕ್ಕು ಹಿಡಿದಿದೆಯಾ? ಮುಂಬೈ, ಚೆನ್ನೈನಂಥ ಕಡಲ ಊರಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಬರುತ್ತೆ. ಮೇಲೆ ಬಣ್ಣ ಬಳಿದು ಮುಚ್ಚಿದ್ರೆ ಒಪ್ಪಬೇಡಿ.
- ಮುಂದೆ ಶೂ ರ‍್ಯಾಕ್, ಸೈಕಲ್, ಹಳೇ ಸೋಫಾ ನಿಲ್ಲಿಸಿದ್ದಾರಾ? ನಿಲ್ಲಿಸಿದ್ದು ನಾವೇ ಆದ್ರೆ ಇವತ್ತೇ ತೆಗೆಯೋಣ.

"ಒಂದ್ಸಲ ಒತ್ತಿ ನೋಡೋಣ" ಅನ್ನೋ ಪರೀಕ್ಷೆ ಮಾತ್ರ ಬೇಡ. ಒಂದು ಸೆಕೆಂಡ್ ಒತ್ತಿದ್ರೂ ಪುಡಿ ವಾಲ್ವಿನಲ್ಲಿ ಸಿಕ್ಕಿಕೊಂಡು, ಒತ್ತಡ ನಿಧಾನಕ್ಕೆ ಸೋರಿಹೋಗುತ್ತೆ. ಒಮ್ಮೆ ಬಳಸಿದ ಮೇಲೆ, ಸ್ವಲ್ಪವೇ ಆಗಲಿ, ರೀಫಿಲ್ ಆಗಲೇಬೇಕು.

ಸೊಸೈಟಿಯನ್ನ ಏನು ಕೇಳಬೇಕು

ಸಿಲಿಂಡರಿನ ಟ್ಯಾಗ್ ಓದಿ. ಕೊನೆಯ ಸರ್ವೀಸ್ ಯಾವಾಗ, ಮುಂದಿನದು ಯಾವಾಗ ಅಂತ ಬರೆದಿರಬೇಕು. ಭಾರತೀಯ ಮಾನಕ ಐಎಸ್ 2190 ಇದರ ನಿರ್ವಹಣೆಗೇ ಇರೋ ನಿಯಮಾವಳಿ. ಹೊಸ ಸ್ಟಿಕ್ಕರ್ ಅಂಟಿಸಿ ಹೋಗೋದು ಸರ್ವೀಸ್ ಅಲ್ಲ. ಸಿಲಿಂಡರಿನ ಗೋಡೆ ಒತ್ತಡ ತಡೆಯುತ್ತಾ ಅಂತ ಆಗಾಗ ನೀರು ತುಂಬಿ ಮಾಡೋ ಹೈಡ್ರಾಲಿಕ್ ಟೆಸ್ಟ್ ಕೂಡ ಅದರಲ್ಲಿ ಸೇರಿದೆ. ಅದರ ತಾರೀಖನ್ನೂ ಕೇಳಿ.

ಮಹಾರಾಷ್ಟ್ರದಲ್ಲಿ ಇರೋರಿಗೆ ಇನ್ನೊಂದು ಹಿಡಿತ ಇದೆ. 2006ರ ಅಗ್ನಿ ಸುರಕ್ಷಾ ಕಾಯ್ದೆ ಪ್ರಕಾರ, ಲೈಸೆನ್ಸ್ ಇರೋ ಏಜೆನ್ಸಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಫಾರ್ಮ್ ಬಿ ಕೊಡಬೇಕು. ಮುಂದಿನ ಮೀಟಿಂಗಿನಲ್ಲಿ ಸುಮ್ಮನೆ ಕೇಳಿ: "ಈ ಸಲದ ಫಾರ್ಮ್ ಬಿ ತೋರಿಸ್ತೀರಾ?" ಬಾಡಿಗೆಗೆ ಇದ್ರೆ ಓನರ್ ಮೂಲಕ ಕೇಳಿಸಿ. ಬಾಡಿಗೆಯವರು, ಹೊರಗಿನವರು ಅಂತ ಹಿಂಜರಿಯಬೇಡಿ.

ಮನೇಲಿ ಇರೋರಿಗೆ

ಕಾರಿಡಾರಿನ 6 ಕೆ.ಜಿ. ಸಿಲಿಂಡರ್ ಅಂದ್ರೆ 6 ಕೆ.ಜಿ. ಬರೀ ಪುಡಿ. ಲೋಹದ ತೂಕ ಸೇರಿದ್ರೆ ವಯಸ್ಸಾದ ಅಮ್ಮನಿಗೆ ಎತ್ತೋದು ಕಷ್ಟ. ಐಎಸ್‌ಐ ಗುರುತಿರೋ 1 ಅಥವಾ 2 ಕೆ.ಜಿ.ಯದ್ದು ಒಂದು ಮನೆಗೆ ತನ್ನಿ. ಒಲೆ ಪಕ್ಕ ಇಡಬೇಡಿ, ಬೆಂಕಿ ಹತ್ತಿದಾಗ ಕೈಗೆ ಸಿಗಲ್ಲ. ಅಡುಗೆಮನೆ ಬಾಗಿಲ ಹೊರಗೆ ಗೋಡೆಗೆ ಹಾಕಿ.

ಪಕ್ಕದಲ್ಲೇ ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿ: ಪಿನ್ ಎಳೆಯಿರಿ. ಬೆಂಕಿಯ ಬುಡಕ್ಕೆ ಗುರಿಯಿಡಿ. ಹಿಡಿ ಒತ್ತಿ. ಎಡಕ್ಕೂ ಬಲಕ್ಕೂ ಆಡಿಸಿ. ಖಾಲಿ ಆಗೋಕೆ ಕೆಲವೇ ಸೆಕೆಂಡು ಸಾಕು, ಅದಕ್ಕೇ ಜ್ವಾಲೆಯ ತುದಿಗೆ ಹೊಡೆದು ವ್ಯರ್ಥ ಮಾಡಬಾರದು. ನಿಮ್ಮ ಬೆನ್ನು ಯಾವಾಗಲೂ ಬಾಗಿಲ ಕಡೆಗೇ ಇರಲಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಬೇಡವೇ ಬೇಡ. ಗ್ಯಾಸ್ ಆಫ್ ಮಾಡಿ, ತಟ್ಟೆ ಮುಚ್ಚಿ, ಆರೋ ತನಕ ತೆಗೆಯಬೇಡಿ. ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗೆ ಹತ್ತಿದ್ರೆ ಪುಡಿಯನ್ನ ನಂಬಬೇಡಿ. ಮೇಲಿನ ಜ್ವಾಲೆ ಆರಿದ್ರೂ ಒಳಗಿನ ಕಾವಿಗೆ ಮತ್ತೆ ಹತ್ತಿಕೊಳ್ಳುತ್ತೆ. ಎಲ್ಲರೂ ಹೊರಗೆ ಬಂದು 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಅಪ್ಪ-ಅಮ್ಮನಿಗೆ ಇದನ್ನ ಹೇಳಿಕೊಡುವಾಗ ಕೊನೆಯ ಮಾತು ಒತ್ತಿ ಹೇಳಿ: ಬೆಂಕಿ ಕಸದ ಬುಟ್ಟಿಯಷ್ಟಿದ್ರೆ ಮಾತ್ರ ಆರಿಸೋ ಪ್ರಯತ್ನ. ಅದಕ್ಕಿಂತ ದೊಡ್ಡದಾದ್ರೆ, ಹೊಗೆ ತುಂಬಿದ್ರೆ, ಮಗುವನ್ನ ಎತ್ಕೊಂಡು ಬಾಗಿಲು ಎಳೆದುಕೊಂಡು ಮೆಟ್ಟಿಲಲ್ಲಿ ಇಳಿಯೋದು. ಲಿಫ್ಟ್ ಬೇಡ, ಒಡವೆ-ವಸ್ತು ಬೇಡ. ಮನೆ ಮತ್ತೆ ಕಟ್ಟಿಕೊಳ್ಳಬಹುದು.

ಈ ಭಾನುವಾರ ಅವರನ್ನ ಕರ್ಕೊಂಡು ಕಾರಿಡಾರಿಗೆ ಹೋಗಿ, ಆ ಸಿಲಿಂಡರನ್ನೂ ಮೆಟ್ಟಿಲನ್ನೂ ಒಂದ್ಸಲ ತೋರಿಸಿ ಬನ್ನಿ.